ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಪೂರ್ತಿ ಕನ್ನಡದಲ್ಲಿ ತೋರಿಸಬೇಕು: ಕಾಂಕಿಯಲ್ಲಿ ಒತ್ತಕ್ಷರ ಒಡೆಯುತ್ತಿದೆ

ಕ್ಯಾತ್ಸಂದ್ರ_ಲಿನಕ್ಸ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ತುಮಕೂರಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಪ್ರೊಜೆಕ್ಟರ್ ಹಾಕಿ, ಕನ್ನಡದಲ್ಲಿ ಸಿಂಗರಿಸಿದ ಲಿನಕ್ಸ್ ಡೆಸ್ಕ್‌ಟಾಪ್ ತೋರಿಸಬೇಕಿದೆ. ಯಂತ್ರ ಹಳೆಯದು: ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಇಂಟೆಲ್ ಗ್ರಾಫಿಕ್ಸ್, 1366×768 ಪರದೆ. ಹಾಕಿರುವುದು ಲಿನಕ್ಸ್ ಮಿಂಟ್ 22, ಹಗುರವಾದ ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇ ಆವೃತ್ತಿ.

ಇಲ್ಲಿವರೆಗೆ ಆಗಿರುವುದು ಇಷ್ಟು: ಆರ್ಕ್-ಡಾರ್ಕ್ ಥೀಮ್, ಪ್ಯಾಪಿರಸ್ ಐಕಾನ್, ಮೊಬೈಲಿನಲ್ಲಿ ತೆಗೆದ ಮಧುಗಿರಿ ಬೆಟ್ಟದ ಫೋಟೋ ವಾಲ್‌ಪೇಪರ್, ಬಲಗಡೆ ಕಾಂಕಿಯಲ್ಲಿ (ವಾಲ್‌ಪೇಪರ್ ಮೇಲೆಯೇ ಮಾಹಿತಿ ಬರೆದು ತೋರಿಸುವ ಪ್ರೋಗ್ರಾಂ) ವಾರ, ದಿನಾಂಕ, ಸಮಯ. ಕಿಟಕಿಗಳ ಹಿಂದೆ ಮಸುಕು ಬರಲಿ ಎಂದು ಪಿಕಾಮ್ ಎಂಬ ಕಾಂಪೊಸಿಟರ್ (ಕಿಟಕಿಗಳಿಗೆ ನೆರಳು, ಮಸುಕಿನಂಥ ಪರಿಣಾಮ ಕೊಡುವ ಪ್ರೋಗ್ರಾಂ) ಕೂಡ ಹಾಕಿದ್ದೇನೆ.

ತೊಂದರೆಗಳು: ಕಾಂಕಿಯಲ್ಲಿ "ಶುಕ್ರವಾರ" ಅಂತ ಬರಬೇಕಾದದ್ದು "ಶುಕ್‌ರವಾರ" ಥರ ಬಿಡಿಬಿಡಿಯಾಗಿ ಬರುತ್ತಿದೆ. ನಾಲ್ಕು ಫಾಂಟ್ ಬದಲಾಯಿಸಿದರೂ ಅದೇ ಕಥೆ. ಪ್ಯಾನೆಲ್ ಗಡಿಯಾರ ಮಾತ್ರ ಇಂಗ್ಲಿಷ್ ಬಿಟ್ಟು ಕದಲುತ್ತಿಲ್ಲ. ಕಿಟಕಿಯ ಶೀರ್ಷಿಕೆ ಪಟ್ಟಿಯಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಪಿಕಾಮ್ ಹಾಕಿದ ಮೇಲೆ ಫ್ಯಾನ್ ಒಂದೇ ಸಮನೆ ಕೂಗುತ್ತಿದೆ. ಬಣ್ಣಗಳ ವಿಷಯದಲ್ಲೂ ಸಲಹೆ ಬೇಕು, ನಮ್ಮ ಕಡೆಯ ನೆಲದ ಬಣ್ಣ ಕಾಣಬೇಕು ಅನ್ನೋದು ಆಸೆ.

ಬಂಗಾರಪೇಟೆ_ಟರ್ಮಿನಲ್ (ಕೋಲಾರ)

ಸರ್, ಇದರಲ್ಲಿ ಫಾಂಟಿನ ತಪ್ಪು ಏನೂ ಇಲ್ಲ. ನಲವತ್ತು ಫಾಂಟ್ ಬದಲಾಯಿಸಿದರೂ ಕಾಂಕಿಯಲ್ಲಿ ಅದು ಸರಿಹೋಗುವುದಿಲ್ಲ.

"ಶುಕ್ರ" ಎಂಬ ಎರಡಕ್ಷರದಲ್ಲಿ ಕಂಪ್ಯೂಟರಿಗೆ ಕಾಣುವುದು ಐದು ಸಂಕೇತ: ಶ, ಉಕಾರದ ಕೊಂಬು, ಕ, ಹಲಂತ, ರ. ಈ ಐದನ್ನೂ ಕೂಡಿಸಿ ಕ ಕೆಳಗೆ ರಕಾರದ ಒತ್ತು ಕೂರಿಸುವ ಕೆಲಸ ಹಾರ್ಫ್‌ಬಝ್ ಎಂಬ ಲೈಬ್ರರಿಯದು. ಜಿಟಿಕೆ (ಕಿಟಕಿ, ಗುಂಡಿ, ಮೆನು ಕಟ್ಟುವ ಲೈಬ್ರರಿ) ಬಳಸುವ ಪ್ರೋಗ್ರಾಂಗಳು ಪ್ಯಾಂಗೋ ಎಂಬ ಪಠ್ಯದ ಲೈಬ್ರರಿ ಮೂಲಕ ಅದನ್ನು ಕರೆಯುತ್ತವೆ. ಕಾಂಕಿ ಅಕ್ಷರ ಬರೆಯುವುದು ಎಕ್ಸ್‌ಎಫ್‌ಟಿ ಎಂಬ ಬೇರೊಂದು ಲೈಬ್ರರಿ ಮೂಲಕ, ಅದು ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಇಡುತ್ತದೆ, ಅಷ್ಟೇ. ಪರದೆಯನ್ನು ಹತ್ತಿರದಿಂದ ನೋಡಿ: ಕ ಮೇಲಿನ ತಲಕಟ್ಟು ಹಾಗೇ ಉಳಿದು, ಪಕ್ಕದಲ್ಲಿ ಹಲಂತದ ಕೊಂಡಿ ಒಂಟಿಯಾಗಿ ನಿಂತು, ಆಮೇಲೆ ಪೂರ್ತಿ ರ ಬಂದಿರುತ್ತದೆ. ಒತ್ತು ಮಾತ್ರವಲ್ಲ, "ಶನಿವಾರ"ದ ನಿ ಕೂಡ ಒಡೆದಿರುತ್ತದೆ. ತಲಕಟ್ಟು ಹೋಗಿ ಗುಡಿಸು ಕೂಡಬೇಕಾದ ಜಾಗದಲ್ಲಿ ಎರಡೂ ಬೇರೆಬೇರೆ ನಿಂತಿರುತ್ತವೆ. ಕಾಂಕಿಯೊಳಗಿನ ಲುವಾ ಸ್ಕ್ರಿಪ್ಟಿನಿಂದ ಕೈರೋ ಎಂಬ ಚಿತ್ರ ಬರೆಯುವ ಲೈಬ್ರರಿ ಬಳಸಿ ಬರೆದರೂ ಸರಿಯಾಗುವುದಿಲ್ಲ. ಅದರ ಸರಳ ಪಠ್ಯ ಆಜ್ಞೆಗೂ ಈ ಕೂಡಿಸುವ ವಿದ್ಯೆ ಗೊತ್ತಿಲ್ಲ.

ಹಾಗಾಗಿ ಕನ್ನಡ ಡೆಸ್ಕ್‌ಟಾಪ್ ಕಟ್ಟುವಾಗ ಮೊದಲು ನೋಡಬೇಕಾದ್ದು ಯಾವ ಪ್ರೋಗ್ರಾಂ ಪ್ಯಾಂಗೋ ಅಥವಾ ಕ್ಯೂಟಿ (ಜಿಟಿಕೆಯಂಥದ್ದೇ ಇನ್ನೊಂದು ಲೈಬ್ರರಿ) ಮೂಲಕ ಅಕ್ಷರ ಬರೆಯುತ್ತದೆ ಅನ್ನೋದನ್ನ. ಬಣ್ಣ, ಐಕಾನ್ ಎಲ್ಲ ಆಮೇಲೆ. ಎಕ್ಸ್‌ಎಫ್‌ಸಿಇ ಪ್ಯಾನೆಲ್, ರೋಫಿ (ಪ್ರೋಗ್ರಾಂ ಹುಡುಕುವ ಮೆನು), ಡನ್‌ಸ್ಟ್ (ಸೂಚನೆ ತೋರಿಸುವುದು), ವೇಬಾರ್ (ಪ್ಯಾನೆಲ್ ಥರದ ಪಟ್ಟಿ) ಸರಿ. ಐ3 ಬಾರ್ (ಇದು ಪ್ರೊಸೆಸರ್ ಅಲ್ಲ, ಐ3 ಎಂಬ ವಿಂಡೋ ಮ್ಯಾನೇಜರಿನ ಪಟ್ಟಿ) ಕೂಡ ಸರಿ, ಆದರೆ ಫಾಂಟ್ ಹೆಸರಿನ ಮುಂದೆ ಪ್ಯಾಂಗೋ ಮತ್ತು ಕೋಲನ್ ಹಾಕಿರಬೇಕು. ಪಾಲಿಬಾರ್ (ಇದೂ ಪಟ್ಟಿ), ಕಾಂಕಿ, ಅಲಾಕ್ರಿಟಿ (ಟರ್ಮಿನಲ್) ಕನ್ನಡಕ್ಕೆ ಆಗಿಬರುವುದಿಲ್ಲ. ಟರ್ಮಿನಲ್‌ನಲ್ಲಿ ಕನ್ನಡ ತೋರಿಸುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ, ಅಲ್ಲಿ ಪ್ರತಿ ಅಕ್ಷರವೂ ಒಂದೇ ಅಗಲದ ಮನೆಯಲ್ಲಿ ಕೂರಬೇಕು, ನಮ್ಮ ಲಿಪಿ ಹಾಗೆ ಕೂರುವಂಥದ್ದಲ್ಲ.

ನಿಮ್ಮ ಕೆಲಸಕ್ಕೆ ಎರಡು ದಾರಿ ಇವೆ. (ಆಜ್ಞೆಗಳ ಹೆಸರನ್ನು ಓದುವಂತೆ ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.)

ಮೊದಲನೆಯದು, ಕಾಂಕಿ ತೆಗೆದು ಪ್ಯಾನೆಲ್‌ಗೆ ಜೆನ್‌ಮಾನ್ ಪ್ಲಗಿನ್ ಹಾಕುವುದು. "ಎಕ್ಸ್‌ಎಫ್‌ಸಿಇ4-ಜೆನ್‌ಮಾನ್-ಪ್ಲಗಿನ್" ಎಂಬ ಪ್ಯಾಕೇಜು, ಪ್ಯಾನೆಲ್‌ಗೆ ಸೇರಿಸುವಾಗ ಪಟ್ಟಿಯಲ್ಲಿ "ಜೆನೆರಿಕ್ ಮಾನಿಟರ್" ಎಂದು ಕಾಣುತ್ತದೆ. ಒಂದು ಸ್ಕ್ರಿಪ್ಟ್ ಏನನ್ನು ಮುದ್ರಿಸುತ್ತದೋ ಅದನ್ನು ಇದು ಪ್ಯಾನೆಲ್‌ನಲ್ಲಿ ತೋರಿಸುತ್ತದೆ, ಬರೆಯುವುದು ಪ್ಯಾಂಗೋ ಆದ್ದರಿಂದ ಒತ್ತಕ್ಷರ ಕುಂದಿಲ್ಲದೆ ಬರುತ್ತದೆ. ಪ್ಲಗಿನ್ನಿನ ಸೆಟ್ಟಿಂಗ್‌ನಲ್ಲಿ ಸ್ಕ್ರಿಪ್ಟಿನ ಪೂರ್ತಿ ದಾರಿ ಕೊಡಿ, ಸ್ಕ್ರಿಪ್ಟಿಗೆ ಚಾಲನೆಯ ಅನುಮತಿ ಕೊಡಿ, ಅವಧಿ 30 ಸೆಕೆಂಡ್ ಸಾಕು.

ಎರಡನೆಯದು, ಕಾಂಕಿಯ ದೊಡ್ಡ ಅಕ್ಷರ ಗೋಡೆಯ ಮೇಲೆ ಬೇಕೇ ಬೇಕು ಎಂದರೆ. ಸಮಯದ ಅಂಕಿಗಳನ್ನು ಕಾಂಕಿಯೇ ಬರೆಯಲಿ, ಅಂಕಿಗಳಿಗೆ ಕೂಡಿಸುವ ಕೆಲಸ ಇಲ್ಲ. ಕನ್ನಡ ಅಂಕಿ ೧೨೩ ಕೂಡ ಅಲ್ಲಿ ಚೆನ್ನಾಗಿಯೇ ಬರುತ್ತದೆ. ವಾರ, ತಿಂಗಳ ಹೆಸರನ್ನು ಮಾತ್ರ ಚಿತ್ರ ಮಾಡಿ ಇಡಿ. "ಪ್ಯಾಂಗೋ1.0-ಟೂಲ್ಸ್" ಪ್ಯಾಕೇಜಿನಲ್ಲಿ "ಪ್ಯಾಂಗೋ-ವ್ಯೂ" ಎಂಬ ಆಜ್ಞೆ ಇದೆ. ಪಠ್ಯ, ಫಾಂಟ್, ಅಕ್ಷರದ ಬಣ್ಣ, ಪಾರದರ್ಶಕ ಹಿನ್ನೆಲೆ ಕೊಟ್ಟರೆ ಪಿಎನ್‌ಜಿ ಕಡತ ಮಾಡಿ ಕೊಡುತ್ತದೆ. ಕಾಂಕಿಯ ಇಮೇಜ್ ಆಜ್ಞೆಯಲ್ಲಿ ಆ ಕಡತ ಕರೆಯಿರಿ, ಜೊತೆಗೆ ಎಫ್ ಆಯ್ಕೆಗೆ 60 ಕೊಡಿ. ಅದನ್ನು ಬಿಟ್ಟರೆ ಕಾಂಕಿ ಮೊದಲ ಸಲದ ಚಿತ್ರವನ್ನೇ ನೆನಪಿನಲ್ಲಿ ಇಟ್ಟುಕೊಂಡು ಮರುದಿನವೂ ಹಿಂದಿನ ದಿನದ ಹೆಸರನ್ನೇ ತೋರಿಸುತ್ತದೆ. ಚಿತ್ರ ಮಾಡುವ ಸ್ಕ್ರಿಪ್ಟನ್ನು ಲಾಗಿನ್ ಆದಾಗ ಒಮ್ಮೆ, ನಡುರಾತ್ರಿ 12ಕ್ಕೆ ಕ್ರಾನ್‌ನಿಂದ (ಹೇಳಿದ ಸಮಯಕ್ಕೆ ಆಜ್ಞೆ ಓಡಿಸುವ ಸೇವೆ) ಒಮ್ಮೆ ಓಡಿಸಿದರೆ ಆಯಿತು. ಕ್ರಾನ್‌ಗೆ ನಿಮ್ಮ ಭಾಷಾ ಸೆಟ್ಟಿಂಗ್ ಗೊತ್ತಿರುವುದಿಲ್ಲ, ಸ್ಕ್ರಿಪ್ಟಿನ ಒಳಗೇ ಎಲ್‌ಸಿ_ಟೈಮ್ (ದಿನಾಂಕ, ಸಮಯ ಯಾವ ಭಾಷೆಯಲ್ಲಿ ಎಂದು ಹೇಳುವ ಸೆಟ್ಟಿಂಗ್) ಬರೆಯಬೇಕು.

ಅಂಕಿ ಬದಲಾಯಿಸಲು ಟಿಆರ್ ಆಜ್ಞೆ ಬಳಸಬೇಡಿ. ಅದು ಬೈಟ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಕನ್ನಡ ಅಂಕಿ ಒಂದೊಂದೂ ಮೂರು ಬೈಟ್, ಫಲಿತಾಂಶ ಕಸ. ಸೆಡ್ ಆಜ್ಞೆಯ ವೈ ಬಳಸಿ 0123456789 ಎದುರಿಗೆ ೦೧೨೩೪೫೬೭೮೯ ಕೊಡಿ.

ಈಗ ಪ್ಯಾನೆಲ್ ಗಡಿಯಾರ. ಅದು ಫಾಂಟ್ ನೋಡುವುದಿಲ್ಲ, ಎಲ್‌ಸಿ_ಟೈಮ್ ನೋಡುತ್ತದೆ. ಮೊದಲು ಲೊಕೇಲ್-ಜೆನ್ ಆಜ್ಞೆಗೆ ಕನ್ನಡದ ಲೊಕೇಲ್ (ಭಾಷೆ ಮತ್ತು ದೇಶದ ಸಂಕೇತ) ಕೊಡಿ: ಸಣ್ಣಕ್ಷರದಲ್ಲಿ ಕೆಎನ್, ಅಂಡರ್‌ಸ್ಕೋರ್, ದೊಡ್ಡಕ್ಷರದಲ್ಲಿ ಐಎನ್. ಅಷ್ಟೇ ಹೆಸರು, ಹಿಂದೆ ಯುಟಿಎಫ್-8 ಬಾಲ ಬೇಡ. ಅಮೆರಿಕನ್ ಇಂಗ್ಲಿಷ್ ಲೊಕೇಲಿಗೆ ಆ ಬಾಲ ಇರುವುದರಿಂದ ಬಹಳ ಜನ ಇಲ್ಲೂ ಹಾಕಿ ಎಡವುತ್ತಾರೆ. ಆಮೇಲೆ ಹೋಮ್ ಫೋಲ್ಡರಿನ ಡಾಟ್ ಪ್ರೊಫೈಲ್ ಕಡತದ ಕೊನೆಗೆ ಎಲ್‌ಸಿ_ಟೈಮ್ ಅನ್ನು ಆ ಹೆಸರಿಗೆ ಎಕ್ಸ್‌ಪೋರ್ಟ್ ಮಾಡುವ ಒಂದು ಸಾಲು ಸೇರಿಸಿ, ಲಾಗ್ಔಟ್ ಆಗಿ ಮತ್ತೆ ಬನ್ನಿ. ಗಡಿಯಾರದ ಕಸ್ಟಮ್ ಫಾರ್ಮ್ಯಾಟಿನಲ್ಲಿ ಶೇಕಡಾ ಗುರುತಿನ ಜೊತೆ ದೊಡ್ಡ ಎ ಎಂದರೆ ವಾರ, ಸಣ್ಣ ಡಿ ತಾರೀಖು, ದೊಡ್ಡ ಬಿ ತಿಂಗಳು.

ಎಲ್‌ಸಿ_ಆಲ್ ಮುಟ್ಟಬೇಡಿ, ಅದು ಉಳಿದೆಲ್ಲವನ್ನೂ ಮೆಟ್ಟಿಹಾಕುತ್ತದೆ. ಇಡೀ ಮೆನು ಕನ್ನಡದಲ್ಲಿ ಬೇಕೆಂದು ಲ್ಯಾಂಗ್ ಕೂಡ ಬದಲಾಯಿಸಿದರೆ, ಮುಂದಿನ ಲಾಗಿನ್‌ನಲ್ಲಿ ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳ ಹೆಸರೂ ಕನ್ನಡಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಹಳೆಯ ಹೆಸರನ್ನೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಆ ದಾರಿಗಳನ್ನು ನೇರವಾಗಿ ಬರೆದ ಸ್ಕ್ರಿಪ್ಟ್‌ಗಳೆಲ್ಲ ನಿಲ್ಲುತ್ತವೆ.

ಚಿಂತಾಮಣಿ_ಥೀಮ್ (ಚಿಕ್ಕಬಳ್ಳಾಪುರ)

ಮೇಲಿನವರು ಬೇರು ಹಿಡಿದು ಹೇಳಿದ್ದಾರೆ. ನಾನು ಶೀರ್ಷಿಕೆ ಪಟ್ಟಿ, ಫಾಂಟ್, ಬಣ್ಣ, ಪ್ರೊಜೆಕ್ಟರ್ ಬಗ್ಗೆ ಬರೆಯುತ್ತೇನೆ.

ಎಕ್ಸ್‌ಎಫ್‌ಡಬ್ಲ್ಯೂಎಂ4ರಲ್ಲಿ (ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್) ಶೀರ್ಷಿಕೆ ಪಟ್ಟಿಯ ಎತ್ತರ ನಿಗದಿಯಾಗುವುದು ಥೀಮಿನ ಒಳಗಿರುವ ಚಿತ್ರಗಳ ಎತ್ತರದಿಂದ. ಇಂಗ್ಲಿಷಿಗೆ ಅಳೆದು ಮಾಡಿದ ಥೀಮಿನಲ್ಲಿ ನಮ್ಮ ಒತ್ತು ಇಳಿಯಲು ಜಾಗ ಇರುವುದಿಲ್ಲ. ವಿಂಡೋ ಮ್ಯಾನೇಜರ್ ಸೆಟ್ಟಿಂಗ್‌ನ ಸ್ಟೈಲ್ ಪುಟದಲ್ಲಿ ಶೀರ್ಷಿಕೆ ಫಾಂಟನ್ನು 9ಕ್ಕೆ ಇಳಿಸಿ ನೋಡಿ. ಆಗಲೂ ಕತ್ತರಿಸಿದರೆ "ಡಿಫಾಲ್ಟ್-ಎಚ್‌ಡಿಪಿಐ" ಎಂಬ ಎತ್ತರದ ಥೀಮ್ ಹಾಕಿ. ಪ್ಯಾನೆಲ್ ಎತ್ತರವನ್ನೂ 32 ಪಿಕ್ಸೆಲ್‌ಗಿಂತ ಕಡಿಮೆ ಮಾಡಬೇಡಿ. ಪರೀಕ್ಷೆಗೆ "ಸೋಮವಾರ" ಇಟ್ಟು ಸಮಾಧಾನ ಪಡಬೇಡಿ, ಅದರಲ್ಲಿ ಕೆಳಗಿಳಿಯುವುದು ಏನೂ ಇಲ್ಲ. "ಶುಕ್ರವಾರ, ಅಕ್ಟೋಬರ್" ಎಂದು ಬರೆದು ನೋಡಿ. ಟಕಾರದ ಒತ್ತು ಪೂರ್ತಿ ಕಂಡರೆ ಉಳಿದ ಹೆಸರುಗಳಿಗೂ ಜಾಗ ಸಾಲುತ್ತದೆ.

ಫಾಂಟ್ ಅನೆಕ್ ಕನ್ನಡ ಹಾಕಿ ಅಂತ ನನ್ನ ಸಲಹೆ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಕಡತದಲ್ಲಿ, ಒಂದೇ ಕೈಯಲ್ಲಿ ಬರೆದ ಹಾಗೆ ಇವೆ. ಬೇರೆ ಫಾಂಟ್ ಇದ್ದಾಗ ಏನಾಗುತ್ತದೆ ಎಂದರೆ, ಸಾಲಿನಲ್ಲಿ ಒಂದು ಕನ್ನಡ ಪದ ಬಂದ ಕೂಡಲೇ ವ್ಯವಸ್ಥೆ ಇನ್ನೊಂದು ಫಾಂಟಿನಿಂದ ಅಕ್ಷರ ತರುತ್ತದೆ, ಆ ಸಾಲಿನ ಎತ್ತರ ಬದಲಾಗುತ್ತದೆ, ಪ್ಯಾನೆಲ್‌ನ ಅಕ್ಷರ ಮೇಲೆ ಕೆಳಗೆ ಕುಣಿಯುತ್ತದೆ. ಬಾಲೂ ತಮ್ಮ 2 ಕೂಡ ಎರಡೂ ಲಿಪಿ ಇರುವ ಫಾಂಟೇ, ಆದರೆ ದುಂಡಗೆ ದಪ್ಪಗಿದೆ, ದೊಡ್ಡ ಗಡಿಯಾರಕ್ಕೆ ಚೆಂದ, ಮೆನುಗೆ ಭಾರ.

ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್‌ನಲ್ಲಿ ಒಂದು ವೇರಿಯಬಲ್ ಕಡತ, ಜೊತೆಗೆ ಸ್ಟ್ಯಾಟಿಕ್ ಎಂಬ ಫೋಲ್ಡರ್ ಇರುತ್ತದೆ. ಸ್ಟ್ಯಾಟಿಕ್‌ನಿಂದ ರೆಗ್ಯುಲರ್, ಮೀಡಿಯಂ, ಬೋಲ್ಡ್ ಮೂರನ್ನೇ ತೆಗೆದು ಹೋಮ್‌ನ ಡಾಟ್ ಲೋಕಲ್, ಶೇರ್, ಫಾಂಟ್ಸ್ ಫೋಲ್ಡರಿಗೆ ಹಾಕಿ, ಎಫ್‌ಸಿ-ಕ್ಯಾಶ್ ಓಡಿಸಿ. ವೇರಿಯಬಲ್ ಕಡತವನ್ನೂ ಜೊತೆಗೆ ಹಾಕಿದರೆ ಒಂದೇ ಹೆಸರು ಎರಡೆರಡು ಸಲ ಬಂದು ತೂಕ ತಪ್ಪುತ್ತದೆ. ಆಮೇಲೆ ಎಫ್‌ಸಿ-ಮ್ಯಾಚ್‌ಗೆ ಕನ್ನಡ ಭಾಷೆಯ ಸಂಕೇತ ಕೊಟ್ಟು ಕೇಳಿದರೆ ಕನ್ನಡಕ್ಕೆ ಯಾವ ಫಾಂಟ್ ಮೊದಲು ಸಿಗುತ್ತಿದೆ ಎಂದು ಹೇಳುತ್ತದೆ. ಫೈರ್‌ಫಾಕ್ಸ್‌ಗೆ ಅದರದೇ ಪಟ್ಟಿ ಇದೆ: ಸೆಟ್ಟಿಂಗ್ಸ್, ಫಾಂಟ್ಸ್, ಅಡ್ವಾನ್ಸ್ಡ್ ಒಳಗೆ ಭಾಷೆ ಕನ್ನಡ ಆರಿಸಿ ಅಲ್ಲೂ ಇದನ್ನೇ ಹಾಕಿ.

ಪಿಕಾಮ್: ತೆಗೆದುಬಿಡಿ ಅನ್ನುತ್ತೇನೆ. ಪ್ರೊಜೆಕ್ಟರಿನಲ್ಲಿ ಆ ಮಸುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಇರಲೇಬೇಕು ಎಂದರೆ, ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನ ಕಾಂಪೊಸಿಟರ್ ಪುಟದಲ್ಲಿ ಎಕ್ಸ್‌ಎಫ್‌ಸಿಇಯದ್ದನ್ನು ಆಫ್ ಮಾಡಿ, ಒಂದೇ ಪರದೆಗೆ ಇಬ್ಬರು ಯಜಮಾನರು ಆಗುವುದಿಲ್ಲ. ಪಿಕಾಮ್‌ನ ಬ್ಯಾಕೆಂಡ್ ಜಿಎಲ್‌ಎಕ್ಸ್ ಇರಲಿ. ಎಕ್ಸ್‌ರೆಂಡರ್ ಇದ್ದರೆ ಮಸುಕಿನ ಲೆಕ್ಕವೆಲ್ಲ ಪ್ರೊಸೆಸರ್ ತಲೆಗೆ ಬರುತ್ತದೆ, ನಿಮ್ಮ ಫ್ಯಾನ್ ಕೂಗುವುದಕ್ಕೆ ಬಹುಶಃ ಅದೇ ಕಾರಣ. ಮಸುಕಿನ ವಿಧಾನ ಡುಯಲ್ ಕವಾಸೆ, ಬಲ 3 ಸಾಕು.

ವಾಲ್‌ಪೇಪರ್. ಮೊಬೈಲ್ ಫೋಟೋ 4000×3000 ಇದ್ದರೆ ಅದನ್ನು ಹಾಗೇ ಹಾಕಬೇಡಿ. ಬಿಚ್ಚಿದಾಗ ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ಆಗುತ್ತದೆ. 1366×768ಕ್ಕೆ ಇಳಿಸಿದರೆ ಸುಮಾರು 4.2 ಎಂಬಿ. 4 ಜಿಬಿ ಯಂತ್ರದಲ್ಲಿ ಇದೂ ಲೆಕ್ಕಕ್ಕೆ ಬರುತ್ತದೆ. ಮೊದಲು 4000×2250ಕ್ಕೆ ಕತ್ತರಿಸಿ, ಆಮೇಲೆ ಇಳಿಸಿ. ಕತ್ತರಿಸುವಾಗ ಮಧುಗಿರಿಯ ಏಕಶಿಲೆ ಎಡಕ್ಕೆ ಬರಲಿ, ಬಲಗಡೆ ಬರೀ ಆಕಾಶ ಉಳಿಯಲಿ, ನಿಮ್ಮ ಗಡಿಯಾರ ಕೂರುವುದು ಅಲ್ಲೇ ಅಲ್ಲವೇ. ಬಂಡೆಯ ಗೀರುಗಳ ಮೇಲೆ ಅಕ್ಷರ ಬಂದರೆ ಎಷ್ಟು ದಪ್ಪ ಮಾಡಿದರೂ ಓದಲಾಗುವುದಿಲ್ಲ.

ಬಣ್ಣಕ್ಕೆ ಕೆಮ್ಮಣ್ಣನ್ನೇ ಹಿಡಿಯಿರಿ. ಕೆಂಪು 156, ಹಸಿರು 74, ನೀಲಿ 47 ಕೊಟ್ಟರೆ ಮಳೆ ಬಿದ್ದು ಉತ್ತ ಹೊಲದ ಬಣ್ಣ ಬರುತ್ತದೆ. ಅದರ ಮೇಲೆ ಬಿಳಿ ಅಕ್ಷರದ ವ್ಯತ್ಯಾಸ 6ಕ್ಕೆ 1ರ ಆಸುಪಾಸು. ಓದಲು ಬೇಕಾದ ಕನಿಷ್ಠ 4.5 ಎಂದು ವೆಬ್ ಮಾನದಂಡ ಹೇಳುತ್ತದೆ, ಅದಕ್ಕಿಂತ ಮೇಲೇ ಇದೆ. ಪ್ಯಾನೆಲ್ ಪ್ರಿಫರೆನ್ಸಸ್‌ನ ಅಪಿಯರೆನ್ಸ್ ಪುಟದಲ್ಲಿ ಘನ ಬಣ್ಣ ಆರಿಸಿ ಇದನ್ನು ಕೊಡಿ. ಪ್ಯಾಪಿರಸ್-ಫೋಲ್ಡರ್ಸ್ ಎಂಬ ಸ್ಕ್ರಿಪ್ಟಿನಿಂದ ಫೋಲ್ಡರ್ ಐಕಾನ್‌ಗಳನ್ನು ಕಂದು ಮಾಡಿ. ಒಂದೇ ಒಂದು ಎತ್ತಿ ತೋರಿಸುವ ಬಣ್ಣ ಸಾಕು, ತೆಂಗಿನ ಗರಿಯ ಹಸಿರು. ಇನ್ನೊಂದು ಸೇರಿಸಿದರೆ ಸಂತೆ ಆಗುತ್ತದೆ.

ಕಪ್ಪು ಥೀಮ್ ಮಾತ್ರ ಬೇಡ. ಹಗಲು ಹೊತ್ತಿನ ಲ್ಯಾಬ್‌ನಲ್ಲಿ ಪ್ರೊಜೆಕ್ಟರಿಗೆ ಕಪ್ಪು ಎಂಬುದೇ ಇಲ್ಲ, ಗೋಡೆ ಎಷ್ಟು ಬೆಳ್ಳಗಿದೆಯೋ ಅದೇ ಅದರ ಕಪ್ಪು. ಆರ್ಕ್-ಡಾರ್ಕ್ ಅಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದೆ. ಆರ್ಕ್‌ನ ತಿಳಿ ಆವೃತ್ತಿ ಹಾಕಿ. ಫಾಂಟ್ ಸೆಟ್ಟಿಂಗ್‌ನಲ್ಲಿ ಸಬ್‌ಪಿಕ್ಸೆಲ್ ಕ್ರಮವನ್ನು "ನನ್" (ಯಾವುದೂ ಬೇಡ) ಮಾಡಿ. ಲ್ಯಾಪ್‌ಟಾಪ್ ಪರದೆಗೆ ಹೊಂದಿಸಿದ ಆರ್‌ಜಿಬಿ ಇದ್ದರೆ ಗೋಡೆಯ ಮೇಲೆ ಅಕ್ಷರದ ಅಂಚಿಗೆ ಕೆಂಪು ನೀಲಿ ಗೆರೆ ಹತ್ತುತ್ತದೆ. ಮಿರರ್ ಮಾಡಿದಾಗ ಎರಡೂ ಕಡೆ ಹೊಂದುವ ರೆಸೊಲ್ಯೂಷನ್‌ಗೆ ಪರದೆ ಇಳಿಯುತ್ತದೆ, ಉದಾಹರಣೆಗೆ 1024×768. ಆದ್ದರಿಂದ ಪ್ಯಾನೆಲ್ ಉದ್ದ ಶೇಕಡಾ 100 ಇರಲಿ, ಬಲಗಡೆಯ ಗಡಿಯಾರ ಬಲ ಅಂಚಿನಿಂದ ಅಳತೆ ಹಿಡಿಯುವಂತೆ ಇರಲಿ. ಎಡದಿಂದ ಪಿಕ್ಸೆಲ್ ಎಣಿಸಿ ಇಟ್ಟದ್ದು ಗೋಡೆಯ ಆಚೆ ಹೋಗುತ್ತದೆ.

ತಿಪಟೂರು_ಕೊಬ್ಬರಿ

ಒಂದೆರಡು ಮಾತು ಸೇರಿಸುವೆ. ಕೈ ಹಾಕುವ ಮುಂಚೆ "ಪ್ಯಾನೆಲ್ ಪ್ರೊಫೈಲ್ಸ್" ತೆರೆದು ಈಗಿರುವುದನ್ನು ಉಳಿಸಿ. ಎಕ್ಸ್‌ಎಫ್‌ಕಾನ್ಫ್‌ನ (ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ ಉಳಿಸುವ ವ್ಯವಸ್ಥೆ) ಎಕ್ಸ್‌ಎಂಎಲ್ ಕಡತಗಳನ್ನು ಲಾಗಿನ್ ಇರುವಾಗ ಕೈಯಿಂದ ತಿದ್ದಬೇಡಿ. ಹಿನ್ನೆಲೆಯ ಸೇವೆ ತನ್ನ ನೆನಪಿನಲ್ಲಿರುವುದನ್ನೇ ಮತ್ತೆ ಬರೆದು ನಿಮ್ಮ ತಿದ್ದುಪಡಿ ಅಳಿಸುತ್ತದೆ.

ಲಾಗಿನ್ ಪರದೆಗೂ ಮಧುಗಿರಿ ಫೋಟೋ ಬೇಕಿದ್ದರೆ ಅದನ್ನು ಹೋಮ್‌ನಲ್ಲಿ ಇಡಬೇಡಿ. ಈಗ ಉಬುಂಟು ಬುಡದ ವ್ಯವಸ್ಥೆಗಳಲ್ಲಿ ಹೋಮ್ ಫೋಲ್ಡರಿನ ಅನುಮತಿ 750, ಲಾಗಿನ್ ಪರದೆ ಬೇರೆ ಬಳಕೆದಾರನಾಗಿ ಓಡುತ್ತದೆ, ಒಳಗೆ ಇಣುಕಲು ಆಗುವುದಿಲ್ಲ, ಬರೀ ಬಣ್ಣ ಕಾಣುತ್ತದೆ. ಯುಎಸ್‌ಆರ್, ಶೇರ್, ಬ್ಯಾಕ್‌ಗ್ರೌಂಡ್ಸ್ ಒಳಗೆ ಹಾಕಿ.

ಗುಬ್ಬಿ ಎಂಬ ಕನ್ನಡ ಫಾಂಟ್ ಉಬುಂಟು ಭಂಡಾರದಲ್ಲೇ ಇದೆ, ಫಾಂಟ್ಸ್-ಗುಬ್ಬಿ ಎಂದು ಹುಡುಕಿ. ಹೆಸರು ಕೇಳಿದರೆ ನಮ್ಮ ಜಿಲ್ಲೆಯ ಗುಬ್ಬಿಯೇ ನೆನಪಾಗುತ್ತದೆ. ತುಮಕೂರಿನ ಪ್ರದರ್ಶನಕ್ಕೆ ಒಂದು ಶೀರ್ಷಿಕೆಯನ್ನಾದರೂ ಅದರಲ್ಲಿ ಬರೆಯಿರಿ. ಒಂದೇ ತೂಕ ಇರುವುದರಿಂದ ಬೋಲ್ಡ್ ಒತ್ತಬೇಡಿ, ವ್ಯವಸ್ಥೆ ತಾನೇ ಗೆರೆ ದಪ್ಪ ಮಾಡಲು ಹೋಗಿ ಅಕ್ಷರದ ಕಣ್ಣು ಮುಚ್ಚಿಹೋಗುತ್ತದೆ.

ಕ್ಯಾತ್ಸಂದ್ರ_ಲಿನಕ್ಸ್ (ತುಮಕೂರು)

ಮೂವರಿಗೂ ತುಂಬಾ ಥ್ಯಾಂಕ್ಸ್. ಪಿಕಾಮ್ ತೆಗೆದೆ, ಫ್ಯಾನ್ ತಣ್ಣಗಾಯಿತು. ಗಡಿಯಾರ ಕನ್ನಡಕ್ಕೆ ಬಂತು, ಶೀರ್ಷಿಕೆ ಪಟ್ಟಿ ಡಿಫಾಲ್ಟ್-ಎಚ್‌ಡಿಪಿಐನಲ್ಲಿ ಸರಿಯಾಯಿತು. ಇನ್ನು ಎರಡು ಉಳಿದಿವೆ. ಜೆನ್‌ಮಾನ್‌ನಲ್ಲಿ "ಉಷ್ಣತೆ & ಮೆಮೊರಿ" ಎಂದು ಬಣ್ಣ ಹಾಕಿ ಬರೆದರೆ ಬಣ್ಣದ ಬದಲು ಸ್ಪ್ಯಾನ್ ಎಂಬ ಟ್ಯಾಗೇ ಅಕ್ಷರವಾಗಿ ಕಾಣುತ್ತಿದೆ. ಮತ್ತೆ, ಟರ್ಮಿನಲ್‌ನಲ್ಲಿ ಎಲ್‌ಎಸ್ -ಎಲ್ ಕೊಟ್ಟರೆ ತಿಂಗಳ ಹೆಸರು ಕನ್ನಡದಲ್ಲಿ ಬಂದು ಸಾಲುಗಳೆಲ್ಲ ಓರೆಯಾಗಿವೆ. ಸ್ಕ್ರೀನ್‌ಶಾಟ್ ಹಂಚುವ ಬಗ್ಗೆಯೂ ಗಮನಿಸಬೇಕಾದ್ದು ಇದ್ದರೆ ಹೇಳಿ.

ಬಂಗಾರಪೇಟೆ_ಟರ್ಮಿನಲ್ (ಕೋಲಾರ)

ಮೊದಲನೆಯದಕ್ಕೆ ಮೊದಲು ನೋಡಬೇಕಾದ್ದು ನಡುವೆ ಇರುವ & ಗುರುತು. ಪ್ಯಾಂಗೋ ಟ್ಯಾಗ್ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ ಇದೆ. ಒಂಟಿಯಾಗಿ ಬಂದರೆ ಇಡೀ ಸಾಲೇ ತಪ್ಪು ಎಂದು ಬಿಡುತ್ತದೆ. & ತೆಗೆದು "ಮತ್ತು" ಎಂದು ಬರೆಯಿರಿ, ಕನ್ನಡಕ್ಕೂ ಅದೇ ಸರಿ. ಹಾಗೂ ಬರದಿದ್ದರೆ ಎರಡನ್ನು ನೋಡಿ: ಇಡೀ ಸಾಲು ಟಿಎಕ್ಸ್‌ಟಿ ಟ್ಯಾಗಿನ ಒಳಗೆ ಇದೆಯೇ, ಸ್ಪ್ಯಾನ್ ಮುಚ್ಚಿದೆಯೇ. ಬಣ್ಣದ ಸಂಕೇತಕ್ಕೆ ಉದ್ಧರಣ ಚಿಹ್ನೆ ಹಾಕಿರುತ್ತೀರಿ, ಆದರೆ ಎಕೋ ಆಜ್ಞೆಯ ಹೊರಗೂ ಅದೇ ಜೋಡಿ ಚಿಹ್ನೆ ಇದ್ದರೆ ಶೆಲ್ ಒಳಗಿನದನ್ನು ನುಂಗುತ್ತದೆ. ಒಳಗೆ ಒಂಟಿ ಚಿಹ್ನೆ ಬಳಸಿ.

ಎರಡನೆಯದಕ್ಕೆ, ಡಾಟ್ ಬ್ಯಾಶ್‌ಆರ್‌ಸಿ ಕಡತದಲ್ಲಿ ಎಲ್‌ಸಿ_ಟೈಮ್ ಅನ್ನು ಮತ್ತೆ ಸಿ ಡಾಟ್ ಯುಟಿಎಫ್-8ಕ್ಕೆ ಎಕ್ಸ್‌ಪೋರ್ಟ್ ಮಾಡಿ. ಟರ್ಮಿನಲ್‌ನ ಒಳಗೆ ಮಾತ್ರ ಇಂಗ್ಲಿಷ್ ಆಗುತ್ತದೆ, ಪ್ಯಾನೆಲ್ ಕನ್ನಡದಲ್ಲೇ ಇರುತ್ತದೆ. ಡೇಟ್ ಆಜ್ಞೆಯ ಉತ್ತರ ಓದಿ ಕೆಲಸ ಮಾಡುವ ಬ್ಯಾಕಪ್ ಸ್ಕ್ರಿಪ್ಟ್‌ಗಳಿದ್ದರೆ ಅವುಗಳ ತಲೆಯಲ್ಲೂ ಇದೇ ಸಾಲು ಹಾಕಿ, "ಅಕ್ಟೋಬರ್" ಎಂದು ಬಂದರೆ ಅವಕ್ಕೆ ತಿಳಿಯುವುದಿಲ್ಲ.

ಚಿಂತಾಮಣಿ_ಥೀಮ್ (ಚಿಕ್ಕಬಳ್ಳಾಪುರ)

ಸ್ಕ್ರೀನ್‌ಶಾಟ್ ಪಿಎನ್‌ಜಿಯಲ್ಲೇ ಉಳಿಸಿ, 5 ಸೆಕೆಂಡ್ ತಡ ಕೊಟ್ಟರೆ ಮೆನು ತೆರೆದಿರುವಾಗಲೂ ತೆಗೆಯಬಹುದು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಹಿಂಡಿ ಕಳುಹಿಸುತ್ತದೆ, ಸಣ್ಣ ಒತ್ತುಗಳು ಮಸಿಯಾಗುತ್ತವೆ. ಡಾಕ್ಯುಮೆಂಟ್ ಎಂದು ಕಳುಹಿಸಿ. ಯಂತ್ರದ ವಿವರ ತೋರಿಸಲು ನಿಯೋಫೆಚ್ ಬದಲು ಫಾಸ್ಟ್‌ಫೆಚ್ ಹಾಕಿ, ನಿಯೋಫೆಚ್ ಯೋಜನೆಯನ್ನು 2024ರ ಏಪ್ರಿಲ್‌ನಲ್ಲೇ ಮುಚ್ಚಿದರು. ಫಾಸ್ಟ್‌ಫೆಚ್ ತಾನಾಗಿಯೇ ಲೋಕಲ್ ಐಪಿ, ಮೇಲ್ಗಡೆ ಬಳಕೆದಾರನ ಹೆಸರು ಮತ್ತು ಯಂತ್ರದ ಹೆಸರು ತೋರಿಸುತ್ತದೆ. ಅದರ ಕಾನ್ಫಿಗ್ ಕಡತದಲ್ಲಿ ಆ ಎರಡು ಸಾಲು ತೆಗೆದು ಆಮೇಲೆ ಹಂಚಿ. ಕಾಲೇಜಿನ ಲ್ಯಾಬ್ ಆದ್ದರಿಂದ ಯಂತ್ರದ ಹೆಸರಿನಲ್ಲಿ ಕೊಠಡಿ ಸಂಖ್ಯೆ ಇರುವುದೂ ಉಂಟು.

ಪ್ರದರ್ಶನದ ಹಿಂದಿನ ದಿನ ಪ್ರೊಜೆಕ್ಟರ್ ಸಿಕ್ಕಿಸಿ, ಕಿಟಕಿ ಪರದೆ ತೆರೆದಿರುವಾಗಲೇ, ಕೊನೆಯ ಬೆಂಚಿನಿಂದ ಗಡಿಯಾರ ಓದಿ ನೋಡಿ. ಆ ದಿನ ಅಕ್ಟೋಬರ್ 31, ಟಕಾರದ ಒತ್ತು ಪರದೆಯ ಮೇಲೇ ಇರುತ್ತದೆ.